ಫಿಲ್ಟರಿನ ಬಾಯಿಗೆ ಸ್ಪಂಜು: ನನ್ನ ಅನುಭವ

ಗಪ್ಪಿ ಮೀನು ಸಾಕುವವರ ಮನೆಯಲ್ಲಿ ಮರಿಗಳಿಗೆ ಎರಡು ಬಾಯಿಗಳ ಭಯ. ಒಂದು ಮರಿಗಳನ್ನೇ ತಿನ್ನುವ ತಾಯಿಯದು, ಇನ್ನೊಂದು ಟ್ಯಾಂಕಿನ ನೀರು ಎಳೆದುಕೊಳ್ಳುವ ಫಿಲ್ಟರಿನ ಪೈಪಿನದು. ತಾಯಿಯ ಬಾಯಿಗೆ ಉಪಾಯ ಎಲ್ಲರಿಗೂ ಗೊತ್ತು, ಟ್ಯಾಂಕಿನ ಒಂದು ಮೂಲೆಯಲ್ಲಿ ಗಿಡ ದಟ್ಟವಾಗಿ ಬೆಳೆಸಿದರೆ ಮರಿಗಳು ಅಲ್ಲಿ ಅಡಗಿ ಬದುಕುತ್ತವೆ. ಫಿಲ್ಟರಿನ ಬಾಯಿಗೆ ಉಪಾಯ ಸ್ಪಂಜು. ಈಗಷ್ಟೇ ಹುಟ್ಟಿದ ಗಪ್ಪಿ ಮರಿ ಆರೇಳು ಮಿಲಿಮೀಟರ್ ಉದ್ದವಿದ್ದರೂ ಮೈ ತೆಳುವು, ಪೈಪಿನ ತುದಿಯ ಜಾಳಿಯ ಸೀಳಿನಲ್ಲಿ ಸಲೀಸಾಗಿ ನುಸುಳಿಹೋಗುತ್ತದೆ. ಚೆರ್ರಿ ಸಿಗಡಿಯ ಮರಿಯಂತೂ ಒಂದೆರಡು ಮಿಲಿಮೀಟರ್ ಅಷ್ಟೇ.

ಕಲಬುರಗಿಯ ನಮ್ಮ ಮನೆಯ ಪಡಸಾಲೆಯಲ್ಲಿ, ಶಹಾಬಾದ ಫರಸಿಯ ಕಟ್ಟೆಯ ಮೇಲೆ ಮೂರಡಿಯ ಟ್ಯಾಂಕಿದೆ. ಅಗಲ, ಎತ್ತರ ಒಂದೂಕಾಲು ಅಡಿ. ಲೆಕ್ಕಕ್ಕೆ 130 ಲೀಟರ್, ಮರಳು ಕಲ್ಲು ಕಳೆದರೆ 110ರ ಆಸುಪಾಸು. ಹಿಂದೆ ಗಾಜಿಗೆ ನೇತುಹಾಕಿದ ಹ್ಯಾಂಗ್ ಆನ್ ಫಿಲ್ಟರ್, ಕೆಳಗೆ ಒಂದು ಕ್ಯಾನಿಸ್ಟರ್, ಅಂದರೆ ಪೈಪಿನಿಂದ ನೀರು ಎಳೆಯುವ ಮುಚ್ಚಿದ ಡಬ್ಬಿಯ ಫಿಲ್ಟರ್. ಎರಡರ ಬಾಯಿಗೂ ಸ್ಪಂಜಿದೆ. ಮರಿಗಳಿಗಾಗಿ ಹಾಕಿದ್ದು ನಿಜ. ಆದರೆ ಈಗ ಮರಿಗಳಿಲ್ಲದ ಟ್ಯಾಂಕಿಗೂ ನಾನು ಹಾಕುತ್ತೇನೆ, ಕಾರಣ ಬೇರೆ. ಕ್ಯಾನಿಸ್ಟರ್ ಬಿಚ್ಚುವುದೆಂದರೆ ಪೈಪು ಕಳಚಬೇಕು, ನೆಲ ಒದ್ದೆ, ರಬ್ಬರ್ ರಿಂಗು ಸರಿಯಾಗಿ ಕೂರದಿದ್ದರೆ ರಾತ್ರಿಯಿಡೀ ತೊಟತೊಟ. ಸ್ಪಂಜು ಇದ್ದರೆ ಎಲೆ, ಹಿಕ್ಕೆ, ಉಳಿದ ಆಹಾರ ಎಲ್ಲ ಹೊರಗೇ ನಿಲ್ಲುತ್ತದೆ. ಕಸ ನನ್ನ ಕೈಗೆ ಸಿಗುವ ಜಾಗದಲ್ಲಿ ನಿಲ್ಲಬೇಕು, ನನಗೆ ಬೇಕಾದದ್ದು ಇಷ್ಟೇ.

ಸ್ಪಂಜಿನ ಗಾತ್ರದ ವಿಷಯಕ್ಕೆ ಬಂದರೆ ಬಹಳ ಜನ ಚಿಕ್ಕದನ್ನು ಕೊಳ್ಳುತ್ತಾರೆ, ಕಾಣಲು ಚೆಂದ ಅಂತ. ನಾನು ಒಂದು ಲೆಕ್ಕ ಹಾಕಿ ನೋಡಿದೆ. ಗಂಟೆಗೆ 600 ಲೀಟರ್ ಎಳೆಯುವ ಮೋಟರು ಸೆಕೆಂಡಿಗೆ ಸುಮಾರು 167 ಮಿಲಿಲೀಟರ್ ಎಳೆಯುತ್ತದೆ. ಜಾಳಿಯ ಸೀಳುಗಳೆಲ್ಲ ಸೇರಿ ನಾಲ್ಕು ಚದರ ಸೆಂಟಿಮೀಟರ್ ಇದೆ ಅಂದುಕೊಳ್ಳಿ. ನೀರು ಅಲ್ಲಿ ಸೆಕೆಂಡಿಗೆ 40 ಸೆಂಟಿಮೀಟರ್‌ಗೂ ಹೆಚ್ಚು ವೇಗದಲ್ಲಿ ನುಗ್ಗುತ್ತದೆ, ಯಾವ ಮರಿಯೂ ಅದಕ್ಕೆ ಎದುರೀಜಲಾರದು. ಅದರ ಮೇಲೆ ಐದು ಸೆಂಟಿಮೀಟರ್ ದಪ್ಪ, ಹತ್ತು ಸೆಂಟಿಮೀಟರ್ ಉದ್ದದ ಸ್ಪಂಜು ತೊಡಿಸಿದರೆ ಸುತ್ತಲಿನ ಮೈ 157 ಚದರ ಸೆಂಟಿಮೀಟರ್ ಆಗುತ್ತದೆ. ವೇಗ ಸೆಕೆಂಡಿಗೆ ಒಂದು ಸೆಂಟಿಮೀಟರಿಗೆ ಇಳಿಯಿತು. ಮರಿ ಬಂದು ಸ್ಪಂಜಿಗೆ ತಾಗಿದರೂ ಸುಮ್ಮನೆ ತಿರುಗಿ ಹೋಗುತ್ತದೆ. ಮೂರು ಸೆಂಟಿಮೀಟರ್ ದಪ್ಪ, ನಾಲ್ಕು ಉದ್ದದ ಪುಟ್ಟ ಸ್ಪಂಜಾದರೆ ಅದೇ ವೇಗ ನಾಲ್ಕು ಪಟ್ಟು, ಕಟ್ಟಿಕೊಳ್ಳುವುದೂ ಬೇಗ. ಹಾಗಾಗಿ ಜಾಗ ಇರುವಷ್ಟು ದೊಡ್ಡದು ಹಾಕಿ. ನಮ್ಮ ಮನೆಯವರು ಅದನ್ನು ನೋಡಿ "ಮೀನ ನೋಡ್ಲಿಕ್ಕ ಟ್ಯಾಂಕ್ ಇಟ್ಟೀರೋ, ಸ್ಪಂಜ್ ನೋಡ್ಲಿಕ್ಕ ಇಟ್ಟೀರೋ?" ಅಂದರು. ಕಪ್ಪು ಸ್ಪಂಜು ತಂದು ವಾಲಿಸ್ನೇರಿಯಾ ಗಿಡದ ಹಿಂದೆ ಸರಿಸಿದ ಮೇಲೆ ಮಾತು ನಿಂತಿತು.

ರಂಧ್ರದ ವಿಷಯ ಇನ್ನೂ ಮುಖ್ಯ. ಸ್ಪಂಜಿನ ಒರಟುತನವನ್ನು ಪಿಪಿಐ ಅಂತ ಅಳೆಯುತ್ತಾರೆ, ಒಂದು ಇಂಚಿನಲ್ಲಿ ಎಷ್ಟು ರಂಧ್ರ ಅನ್ನುವ ಲೆಕ್ಕ. 20 ಪಿಪಿಐ ಎಂದರೆ ರಂಧ್ರ ಹೆಚ್ಚುಕಮ್ಮಿ ಒಂದೂಕಾಲು ಮಿಲಿಮೀಟರ್, 30 ಅಂದರೆ ಒಂದಕ್ಕಿಂತ ತುಸು ಕಡಿಮೆ, 45 ಅಂದರೆ ಅರ್ಧ ಮಿಲಿಮೀಟರ್. ನನ್ನ ಅಭಿಪ್ರಾಯದಲ್ಲಿ ಗಪ್ಪಿ, ಮೋಲಿ ಮೀನಿಗೆ 20 ಸಾಕು, ಸಿಗಡಿ ಇದ್ದರೆ 30. ಅದಕ್ಕಿಂತ ನಯವಾದದ್ದು ನೀರನ್ನು ಹೊಳೆಯುವಂತೆ ಮಾಡುತ್ತದೆ, ನಿಜ. ಜೊತೆಗೆ ನಾಲ್ಕೇ ದಿನದಲ್ಲಿ ಕಟ್ಟಿಕೊಂಡು ಮೋಟರಿನ ಉಸಿರು ನಿಲ್ಲಿಸುತ್ತದೆ. ನೀರು ಹೊಳೆಯಿಸುವ ಕೆಲಸ ಫಿಲ್ಟರಿನ ಒಳಗಿನ ಹತ್ತಿಗೆ ಬಿಡಿ.

ಅಂಗಡಿಯ ಸ್ಪಂಜಿನ ಮೇಲೆ ಎಷ್ಟೋ ಸಲ ಈ ಸಂಖ್ಯೆಯೇ ಇರುವುದಿಲ್ಲ. ಬಾಯಿಗೆ ಹಿಡಿದು ಊದಿ ನೋಡಿ, ಉಸಿರು ತಡೆಯಿಲ್ಲದೆ ಆಚೆ ಹೋದರೆ ತನ್ನಿ. ಗಾದಿ ಅಂಗಡಿಯ ಫೋಮು ಅಗ್ಗಕ್ಕೆ ಸಿಗುತ್ತದೆ ಅಂತ ಕೆಲವರು ಕತ್ತರಿಸಿ ಹಾಕುತ್ತಾರೆ. ಅದರ ರಂಧ್ರಗಳಲ್ಲಿ ತೆಳು ಪೊರೆ ಹಾಗೇ ಉಳಿದಿರುತ್ತದೆ, ನೀರು ಸರಾಗ ಹರಿಯುವುದಿಲ್ಲ. ಫಿಲ್ಟರ್ ಫೋಮಿನಲ್ಲಿ ಆ ಪೊರೆಯನ್ನು ತೆಗೆದಿರುತ್ತಾರೆ, ವ್ಯತ್ಯಾಸ ಅದೇ. ಪಾತ್ರೆ ತಿಕ್ಕುವ ಸ್ಪಂಜಂತೂ ಬೇಡವೇ ಬೇಡ, ಕೆಲವಕ್ಕೆ ಬ್ಯಾಕ್ಟೀರಿಯಾ ಕೊಲ್ಲುವ ಮದ್ದು ಸವರಿರುತ್ತಾರೆ.

ನಡುವೆ ಪೈಪಿನ ತೂತಿಲ್ಲದ ಸ್ಪಂಜು ಸಿಕ್ಕರೆ ತೂತು ನಾವೇ ಕೊರೆಯಬಹುದು. ನಾನು ಹಳೆ ಟಿವಿ ಆಂಟೆನಾದ ಅಲ್ಯೂಮಿನಿಯಂ ನಳಿಗೆಯ ಅಂಚನ್ನು ಅರದಿಂದ ಹರಿತ ಮಾಡಿಟ್ಟುಕೊಂಡಿದ್ದೇನೆ. ಅದನ್ನು ಸ್ಪಂಜಿನ ಮೇಲಿಟ್ಟು ತಿರುವುತ್ತಾ ಒತ್ತಿದರೆ ಒಳ್ಳೆ ದುಂಡನೆ ತೂತಾಗುತ್ತದೆ. ಆಚೆ ಬದಿಗೆ ಹಾಯಿಸಬಾರದು, ತಳದಲ್ಲಿ ಎರಡು ಸೆಂಟಿಮೀಟರ್ ಬಿಡಬೇಕು. ತೂತು ಪೈಪಿಗಿಂತ ಮೂರ್ನಾಲ್ಕು ಮಿಲಿಮೀಟರ್ ಚಿಕ್ಕದಿದ್ದರೆ ತಾನೇ ಕಚ್ಚಿ ಕೂರುತ್ತದೆ. ಜಾಳಿಯನ್ನು ಕಿತ್ತುಹಾಕಬೇಡಿ, ಅದರ ಮೇಲೇ ಸ್ಪಂಜು ತೊಡಿಸಿ. ಇಲ್ಲದಿದ್ದರೆ ಮೋಟರಿನ ಎಳೆತಕ್ಕೆ ಸ್ಪಂಜೇ ಪೈಪಿನೊಳಗೆ ಹೊಕ್ಕುತ್ತದೆ. ಸಡಿಲ ಅನ್ನಿಸಿದರೆ ಪ್ಲಾಸ್ಟಿಕ್ ಟೈ ಬಿಗಿಯಿರಿ. ತಾಮ್ರದ ತಂತಿ ಬೇಡ, ಸಿಗಡಿಗೆ ತಾಮ್ರ ವಿಷ.

ಪಕ್ಕದ ಓಣಿಯ ಹುಡುಗನೊಬ್ಬ ಒಂದಿನ ಫಿಲ್ಟರನ್ನೇ ಕೈಯಲ್ಲಿ ಹಿಡಿದು ಬಂದ. "ಅಣ್ಣಾ, ನೀರೇ ಎಳೀವಲ್ದು ನೋಡ್ರಿ ಇದು. ಮೋಟರ್ ಸುಟ್ಟದೇನು?" ಅಂದ. ಸ್ಪಂಜು ಹಿಂಡಿದರೆ ಕರೀ ರಾಡಿ ಸುರಿಯಿತು, ಮೋಟರು ಗಟ್ಟಿಯಾಗೇ ಇತ್ತು. ಸ್ಪಂಜು ಕಟ್ಟಿದಾಗ ಫಿಲ್ಟರು ಮುಂಚೆಯೇ ಸೂಚನೆ ಕೊಡುತ್ತದೆ. ಹ್ಯಾಂಗ್ ಆನಿನಿಂದ ಬೀಳುವ ನೀರಿನ ಪರದೆ ಸಣ್ಣದಾಗುತ್ತದೆ, ಡಬ್ಬಿಯೊಳಗಿನ ನೀರಿನ ಮಟ್ಟ ಇಳಿಯುತ್ತದೆ, ಮೋಟರು ಗರ್ ಅನ್ನಲು ಶುರುಮಾಡುತ್ತದೆ. ಬೇಸಿಗೆಯಲ್ಲಿ ಟ್ಯಾಂಕಿನ ನೀರು ಆರಿ ಕೆಳಗಿಳಿದಾಗಲೂ ಹೀಗೇ ಆಗುತ್ತದೆ, ಆದ್ದರಿಂದ ಮೊದಲು ನೀರು ತುಂಬಿಸಿ ನೋಡಿ. ಮೋಟರು ಡಬ್ಬಿಯ ಮೇಲ್ಭಾಗದಲ್ಲಿರುವ ಫಿಲ್ಟರಾದರೆ ಇನ್ನೊಂದು ತೊಡಕಿದೆ. ಕರೆಂಟ್ ಹೋಗಿ ಬಂದಾಗ ಡಬ್ಬಿಯಲ್ಲಿ ನೀರಿಲ್ಲದಿದ್ದರೆ ಅದು ತಾನಾಗಿ ಎಳೆಯದೆ ಒಣಗಿಯೇ ತಿರುಗುತ್ತದೆ.

ತೊಳೆಯುವುದು ಹೇಗೆ? ಮೊದಲು ಫಿಲ್ಟರ್ ಬಂದ್ ಮಾಡಿ. ಸ್ಪಂಜನ್ನು ಹಾಗೇ ಎಳೆದರೆ ಅದರಲ್ಲಿದ್ದ ಕಸವೆಲ್ಲ ಮತ್ತೆ ಟ್ಯಾಂಕಿಗೇ ಉದುರುತ್ತದೆ. ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬಿಯನ್ನು ನೀರೊಳಗೆ ಇಳಿಸಿ, ಸ್ಪಂಜು ಪೂರ್ತಿ ಅದರೊಳಗೆ ಬಂದ ಮೇಲೆ ಮೆಲ್ಲಗೆ ಕಳಚಿ, ನೀರಿನ ಸಮೇತ ಎತ್ತಿಬಿಡಿ. ಆಮೇಲೆ ಟ್ಯಾಂಕಿನಿಂದ ತೆಗೆದ ನೀರನ್ನೇ ಬಕೆಟ್ಟಿನಲ್ಲಿಟ್ಟುಕೊಂಡು ಅದರಲ್ಲಿ ನಾಲ್ಕಾರು ಸಲ ಹಿಂಡಿ. ಹೊಸದರಂತೆ ಬೆಳ್ಳಗಾಗಬೇಕಿಲ್ಲ. ಆ ಕಂದು ಬಣ್ಣದಲ್ಲಿ, ಮೀನಿಗೆ ವಿಷವಾದ ಅಮೋನಿಯಾವನ್ನು ನೈಟ್ರೈಟಾಗಿ, ಅದನ್ನು ನೈಟ್ರೇಟಾಗಿ ಬದಲಿಸುವ ಬ್ಯಾಕ್ಟೀರಿಯಾ ಇರುತ್ತವೆ. ನಮ್ಮೂರಿಗೆ ಭೀಮಾ ನದಿಯ ಸರಡಗಿಯಿಂದ, ಬೆಣ್ಣೆತೊರಾದಿಂದ ಬರುವ ನಳದ ನೀರಿಗೆ ಕ್ಲೋರಿನ್ ಹಾಕಿರುತ್ತಾರೆ, ಅದರಲ್ಲಿ ತೊಳೆದರೆ ಅವು ಸಾಯುತ್ತವೆ. ಬೋರಿನ ನೀರಲ್ಲಿ ಕ್ಲೋರಿನ್ ಇಲ್ಲ, ತೊಳೆಯಬಹುದು. ಆದರೆ ಮೇ ತಿಂಗಳ ಮಧ್ಯಾಹ್ನ ಮಾಳಿಗೆ ಮೇಲಿನ ಸಿಂಟೆಕ್ಸಿನಿಂದ ಇಳಿಯುವ ನೀರು ಕೈ ಸುಡುತ್ತದೆ, ಅದರಲ್ಲಿ ಮಾತ್ರ ಸ್ಪಂಜು ಅದ್ದಬೇಡಿ. ಬೋರಿನ ಗಡಸು ನೀರಿನಿಂದ ಪೈಪಿನ ಮೇಲೆ ಬಿಳಿ ಪದರ ಕೂರುತ್ತದೆ. ಪೈಪನ್ನು ವಿನೆಗರಿನಲ್ಲಿ ನೆನೆಸಿ ತಿಕ್ಕಿ, ಸ್ಪಂಜಿಗೆ ವಿನೆಗರ್ ಮುಟ್ಟಿಸಬೇಡಿ.

ಸ್ಪಂಜು ಹಾಕಿದ ಮೇಲೆ ಟ್ಯಾಂಕು ಸ್ವಚ್ಛವಾಯಿತು ಅಂತ ಕೈಕಟ್ಟಿ ಕೂರುವವರಿದ್ದಾರೆ. ಸ್ಪಂಜು ಕಸವನ್ನು ಹಿಡಿದಿಡುತ್ತದೆ, ಹೊರಗೆ ಹಾಕುವುದಿಲ್ಲ. ಹಿಡಿದದ್ದು ಅದೇ ನೀರಿನಲ್ಲೇ ಕೊಳೆಯುತ್ತಿರುತ್ತದೆ, ಅಮೋನಿಯಾ ಅದೇ ನೀರಿಗೆ ಇಳಿಯುತ್ತದೆ. ಕಲಬುರಗಿಯ ಬೇಸಿಗೆಯಲ್ಲಿ ಇದು ಎರಡು ಕಡೆಯಿಂದ ಹೊಡೆತ. ಬಿಸಿಗೆ ಕಸ ಬೇಗ ಕೊಳೆಯುತ್ತದೆ, ಬಿಸಿ ನೀರಲ್ಲಿ ಆಮ್ಲಜನಕವೂ ಕಡಿಮೆ. 20 ಡಿಗ್ರಿಯ ನೀರು ಲೀಟರಿಗೆ 9.1 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಂಡರೆ 30 ಡಿಗ್ರಿಯ ನೀರು ಹಿಡಿಯುವುದು 7.6. ಹೊರಗೆ 42 ಡಿಗ್ರಿ ಇರುವಾಗ, ಕೂಲರ್ ಹಾಕಿದ ಖೋಲಿಯಲ್ಲೂ ಟ್ಯಾಂಕು 31-32ಕ್ಕೆ ಏರುತ್ತದೆ. ಚಳಿಗಾಲದಲ್ಲಿ ವಾರಕ್ಕೊಮ್ಮೆ ಹಿಂಡುವ ಸ್ಪಂಜನ್ನು ಏಪ್ರಿಲ್, ಮೇ ತಿಂಗಳಲ್ಲಿ ನಾನು ವಾರಕ್ಕೆ ಎರಡು ಸಲ ಹಿಂಡುತ್ತೇನೆ. ನೀರು ಬದಲಿಸುವುದು ಎಂದಿನಂತೆ ನಡೆಯಲೇಬೇಕು, ನೈಟ್ರೇಟ್ ಯಾವ ಸ್ಪಂಜಿನಲ್ಲೂ ನಿಲ್ಲುವುದಿಲ್ಲ.

ಕರೆಂಟಿನ ವಿಷಯದಲ್ಲಿ ಮಾತ್ರ ಸ್ಪಂಜು ನಮ್ಮ ಪಾಲಿಗೆ ದೊಡ್ಡ ಲಾಭ. ಕ್ಯಾನಿಸ್ಟರ್ ಮುಚ್ಚಿದ ಡಬ್ಬಿ. ಗಂಟೆಗಟ್ಟಲೆ ಕರೆಂಟ್ ಇಲ್ಲದಿದ್ದರೆ ಒಳಗಿನ ಆಮ್ಲಜನಕ ತೀರಿ ಬ್ಯಾಕ್ಟೀರಿಯಾ ಸಾಯತೊಡಗುತ್ತವೆ. ಸ್ಪಂಜಿನವು ಟ್ಯಾಂಕಿನ ತೆರೆದ ನೀರಿನಲ್ಲೇ ಇರುವುದರಿಂದ ಅವುಗಳಲ್ಲಿ ಬಹಳಷ್ಟು ಉಳಿದುಕೊಳ್ಳುತ್ತವೆ. ಮನೆಯಲ್ಲಿ ಬ್ಯಾಟರಿ ಏರ್ ಪಂಪು ಇದ್ದರೆ ಅದರ ಗುಳ್ಳೆ ಕಲ್ಲನ್ನು ಸ್ಪಂಜಿನ ಪಕ್ಕಕ್ಕೇ ಇಡಿ.

ಗೋಲ್ಡ್ ಫಿಶ್ ಇರುವ ಟ್ಯಾಂಕಿಗೆ ನಾನು ಸ್ಪಂಜು ಹೇಳುವುದಿಲ್ಲ. ಅವು ತಿನ್ನುವುದೂ ಹೆಚ್ಚು, ಹೊರಹಾಕುವುದೂ ಹೆಚ್ಚು, ಎರಡು ದಿನಕ್ಕೇ ಕಟ್ಟುತ್ತದೆ. ಅಂಥವರಿಗೆ ಟ್ಯಾಂಕಿನ ಮೇಲೆ ಕೂರುವ ಟ್ರೇ ಫಿಲ್ಟರೇ ವಾಸಿ.

ಒಂದು ಸ್ಪಂಜು ಹಿಂಡಿದರೆ ಮತ್ತೆ ತನ್ನ ಆಕಾರಕ್ಕೆ ಬರುವವರೆಗೆ ಬಳಸಬಹುದು. ಚಪ್ಪಟೆಯಾಗೇ ಉಳಿಯಿತು, ಅಂಚು ಪುಡಿ ಉದುರತೊಡಗಿತು ಅಂದರೆ ಬದಲಿಸುವ ಹೊತ್ತು. ಹೊಸದನ್ನು ಒಂದು ತಿಂಗಳು ಮೊದಲೇ ಟ್ಯಾಂಕಿನಲ್ಲಿ ಹಳೆಯದರ ಹತ್ತಿರ, ನೀರು ಹರಿಯುವ ಕಡೆ ಮುಳುಗಿಸಿಡಿ, ಬ್ಯಾಕ್ಟೀರಿಯಾ ಅದರಲ್ಲೂ ಮನೆ ಮಾಡಲಿ. ಎರಡು ಫಿಲ್ಟರ್ ಇರುವವರು ಎರಡೂ ಸ್ಪಂಜನ್ನು ಒಂದೇ ವಾರ ಬದಲಿಸಬೇಡಿ. ತೆಗೆದ ಹಳೆಯದನ್ನು ಎಸೆಯುವ ಮುನ್ನ ಹೊಸ ಟ್ಯಾಂಕು ಶುರುಮಾಡುವವರು ಯಾರಾದರೂ ಇದ್ದಾರಾ ಕೇಳಿ. ಟ್ಯಾಂಕಿನದೇ ನೀರು ತುಂಬಿದ ಚೀಲದಲ್ಲಿ ಹಾಕಿ ಕೊಟ್ಟರೆ, ಆ ಟ್ಯಾಂಕಿನ ನೀರು ಹದಕ್ಕೆ ಬರಲು ಕಾಯಬೇಕಾದ ವಾರಗಳು ಕಡಿಮೆಯಾಗುತ್ತವೆ. ಮೀನಿಗೆ ರೋಗ ಬಂದಿದ್ದ ಟ್ಯಾಂಕಿನದಾದರೆ ಮಾತ್ರ ಯಾರಿಗೂ ಕೊಡಬೇಡಿ.