ಸಾಲ ಹೋಯಿತು, ಸಾಲು ಹೋಗಲಿಲ್ಲ

ಅಮೆರಿಕದಲ್ಲಿ ಚಾಪ್ಟರ್ 7 ಅನ್ನುವ ದಿವಾಳಿ ಅರ್ಜಿ ಹಾಕಿ ಕೋರ್ಟಿನಿಂದ ಡಿಸ್ಚಾರ್ಜ್ ಆದೇಶ, ಅಂದರೆ ಸಾಲ ತೀರಿಸುವ ಹೊಣೆಯಿಂದ ಬಿಡುಗಡೆ, ಬಂದ ದಿನ, ನಾನೂ ನನ್ನ ಹೆಂಡತಿಯೂ ಎಲ್ಲ ಮುಗಿಯಿತು ಅಂದುಕೊಂಡೆವು. ಮುಗಿದಿರಲಿಲ್ಲ. ನಾಲ್ಕು ತಿಂಗಳ ಮೇಲೆ ಬಾಡಿಗೆ ಮನೆ ಕೇಳಲು ಹೋದಾಗ ಅಲ್ಲಿಯ ಮ್ಯಾನೇಜರ್ ನನ್ನ ಕ್ರೆಡಿಟ್ ರಿಪೋರ್ಟ್ ನೋಡಿ, "ನಿಮ್ಮ ಹೆಸರಲ್ಲಿ ಇನ್ನೂ ಬಾಕಿ ತೋರಿಸ್ತಿದೆಯಲ್ಲ" ಅಂದರು. ಹೆಂಡತಿ ಮುಖ ನೋಡಲಾಗಲಿಲ್ಲ.

ಅವತ್ತು ರಾತ್ರಿಯೇ ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್, ಅಂದರೆ ಜನರ ಸಾಲದ ದಾಖಲೆ ಇಡುವ ಮೂರು ಕ್ರೆಡಿಟ್ ಬ್ಯೂರೋಗಳ ರಿಪೋರ್ಟೂ ತೆಗೆದೆ. ಆನ್ಯುಯಲ್ ಕ್ರೆಡಿಟ್ ರಿಪೋರ್ಟ್ ಡಾಟ್ ಕಾಮ್‌ನಲ್ಲಿ ವಾರಕ್ಕೊಮ್ಮೆ ಪುಕ್ಕಟೆ ಸಿಗುತ್ತವೆ. ಮೂರನ್ನೂ ನೋಡಲೇಬೇಕು, ಯಾಕೆಂದರೆ ಒಂದರಲ್ಲಿ ಸರಿ ಇದ್ದದ್ದು ಇನ್ನೊಂದರಲ್ಲಿ ತಪ್ಪಿರಬಹುದು. ಪ್ರಿಂಟ್ ತೆಗೆದು ಊಟದ ಮೇಜಿನ ಮೇಲೆ ಹರಡಿಕೊಂಡು, ಪೆನ್ಸಿಲ್ ಹಿಡಿದು ಒಂದೊಂದೇ ಖಾತೆ ನೋಡುತ್ತಾ ಹೋದೆ. ಡಿಸ್ಚಾರ್ಜ್ ಆದ ಸಾಲದಲ್ಲಿ ಬಾಕಿ ಸೊನ್ನೆ ಇರಬೇಕು, ದಿವಾಳಿಯಲ್ಲಿ ಸೇರಿದೆ ಅಂತ ಬರೆದಿರಬೇಕು. ನನ್ನ ಒಂದು ಕ್ರೆಡಿಟ್ ಕಾರ್ಡಿನಲ್ಲಿ ಮಾತ್ರ 4,812 ಡಾಲರ್ ಬಾಕಿ, ಅವಧಿ ಮೀರಿದೆ, ಅಂತ ಇತ್ತು. ಅದೇ ಸಾಲವನ್ನು ಕೊಂಡುಕೊಂಡ ವಸೂಲಿ ಕಂಪನಿ ಇನ್ನೊಂದು ಕಡೆ ಅಷ್ಟೇ ಮೊತ್ತ ಹಾಕಿತ್ತು. ಒಂದೇ ಸಾಲ, ಎರಡು ಸಲ!

ಮೊದಲು ಬ್ಯೂರೋಗಳಿಗೆ ಆನ್‌ಲೈನಿನಲ್ಲಿ ತಕರಾರು ಹಾಕಿದೆ, ಡಿಸ್ಚಾರ್ಜ್ ಆದೇಶವನ್ನೂ ಜೊತೆಗೆ ಕೊಟ್ಟೆ. ಮೂರು ವಾರಕ್ಕೆ "ಪರಿಶೀಲಿಸಿದ್ದೇವೆ, ಮಾಹಿತಿ ಸರಿಯಿದೆ" ಅಂತ ಉತ್ತರ ಬಂತು. ತುಂಬಾ ಸಿಟ್ಟು ಬಂತು. ಆಮೇಲೆ ಆ ಆದೇಶವನ್ನು ನಿಧಾನವಾಗಿ ಓದಿದಾಗ ಗೊತ್ತಾಯಿತು, ಅದರಲ್ಲಿ ಸಾಲ ಕೊಟ್ಟ ಯಾವ ಕಂಪನಿಯ ಹೆಸರೂ ಇಲ್ಲ! ಹೆಸರುಗಳಿರುವುದು ಅರ್ಜಿಯ ಜೊತೆ ಕೊಟ್ಟ ಪಟ್ಟಿಯಲ್ಲಿ. ಅಡಮಾನ ಇಲ್ಲದ ಸಾಲಗಳಿಗೆ ಅದು ಶೆಡ್ಯೂಲ್ ಇ/ಎಫ್. ನನ್ನ ಪ್ರತಿ ಮನೆ ಬದಲಾಯಿಸುವಾಗ ಕಳೆದುಹೋಗಿತ್ತು. ಪೇಸರ್ ಅನ್ನುವ ಕೋರ್ಟ್ ಸೈಟಿನಲ್ಲಿ ಪುಟಕ್ಕೆ 10 ಸೆಂಟ್‌ನಂತೆ ತೆಗೆದುಕೊಂಡೆ.

ಈ ಸಲ ಕಾಗದದಲ್ಲೇ ಬರೆದೆ. ಒಂದು ಖಾತೆಗೆ ಒಂದೇ ಪುಟ. ಸುಮ್ನೆ "ತಪ್ಪಿದೆ" ಅನ್ನಲಿಲ್ಲ, "ಈ ಖಾತೆ ಇಂಥ ತಾರೀಕು ಡಿಸ್ಚಾರ್ಜ್ ಆಗಿದೆ, ಬಾಕಿ ಸೊನ್ನೆ ಅಂತ ತಿದ್ದಿ" ಅಂತ ಬರೆದೆ. ಜೊತೆಗೆ ಆದೇಶ, ಕಂಪನಿಯ ಹೆಸರಿಗೆ ಹಳದಿ ಬಣ್ಣ ಹಚ್ಚಿದ ಶೆಡ್ಯೂಲ್ ಪುಟ, ತಪ್ಪಿಗೆ ಸುತ್ತು ಹಾಕಿದ ರಿಪೋರ್ಟ್ ಪುಟ, ಗುರುತಿನ ಚೀಟಿಯ ಪ್ರತಿ. ಅದನ್ನೇ ಬ್ಯಾಂಕಿಗೂ ವಸೂಲಿ ಕಂಪನಿಗೂ ಕಳಿಸಿದೆ. ಎಲ್ಲವೂ ಸರ್ಟಿಫೈಡ್ ಮೇಲ್, ರಿಟರ್ನ್ ರಿಸೀಟ್ ಸಮೇತ. ತಲುಪಿದ್ದಕ್ಕೆ ಸಹಿ ಹಾಕಿದ ಹಸಿರು ಕಾರ್ಡ್ ವಾಪಸ್ ಬರುತ್ತದೆ, ಅದನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಬ್ಯೂರೋಗೆ ಸಾಮಾನ್ಯವಾಗಿ 30 ದಿನ ಗಡುವು. ಅದರ ಲೆಕ್ಕ ಶುರುವಾಗುವುದು ತಕರಾರು ಅವರ ಕೈ ಸೇರಿದ ದಿನದಿಂದ.

ಎರಡು ಕಡೆ ಸರಿಯಾಯಿತು. ಒಂದು ಬ್ಯೂರೋ ಮತ್ತೆ ಹಳೇ ಉತ್ತರವನ್ನೇ ಕೊಟ್ಟಿತು. ಆಗ ಗ್ರಾಹಕ ಹಣಕಾಸು ರಕ್ಷಣಾ ಇಲಾಖೆ, ಅಂದರೆ ಸಿಎಫ್‌ಪಿಬಿಗೆ ಅದೇ ಕಾಗದಗಳೊಂದಿಗೆ ದೂರು ಹಾಕಿದೆ. ಎರಡು ವಾರದಲ್ಲಿ ತಿದ್ದಿದರು.

ದಿವಾಳಿಯನ್ನೇ ಅಳಿಸಿಕೊಡುತ್ತೇವೆ ಅಂತ ದುಡ್ಡು ಕೇಳುವವರು ಸಿಗುತ್ತಾರೆ, ಕೊಡಬೇಡಿ. ಚಾಪ್ಟರ್ 7 ಅರ್ಜಿ ಹಾಕಿದ ದಿನದಿಂದ 10 ವರ್ಷದವರೆಗೂ ರಿಪೋರ್ಟಿನಲ್ಲಿ ಇರಬಹುದು. ನಿಜವಾಗಿ ತಡ ಮಾಡಿದ ಹಳೇ ಕಂತುಗಳ ಬಗ್ಗೆಯೂ ನಾನು ತಕರಾರು ಮಾಡಲಿಲ್ಲ, ಅವು ನಿಜ ಅಲ್ವಾ.

ತಿದ್ದಿದ್ದು ಮತ್ತೆ ವಾಪಸ್ ಬರುವುದೂ ಉಂಟು. ಅದಕ್ಕೇ ಈಗಲೂ ತಿಂಗಳ ಮೊದಲ ಭಾನುವಾರ ಇಬ್ಬರೂ ಕೂತು ಮೂರೂ ರಿಪೋರ್ಟ್ ತೆಗೆದು ನೋಡುತ್ತೇವೆ. ಮೊದಲು ಆ ಕಾರ್ಡಿನ ಸಾಲನ್ನೇ ಹುಡುಕುತ್ತಾಳೆ ಅವಳು.