ಫ್ರೀಜರ್‌ನಲ್ಲಿ ನೇರಳೆ ಹಣ್ಣು ಗಡ್ಡೆಯಾಗದಂತೆ ಇಟ್ಟಿದ್ದು ಹೀಗೆ

ಜೂನ್‌ನಲ್ಲಿ ಅಮ್ಮ ಊರಿಂದ 2 ಕೆಜಿ ನೇರಳೆ ಹಣ್ಣು ಕಳಿಸಿದರು. ಮನೆಯಲ್ಲಿ ನಾವು ಮೂವರೇ. ಹೊರಗಿಟ್ಟರೆ ಎರಡನೇ ದಿನಕ್ಕೇ ಮೆತ್ತಗಾಗಿ ಹುಳಿ ವಾಸನೆ ಶುರು. ಹೋದ ವರ್ಷ ಅರ್ಧಕ್ಕರ್ಧ ಬಿಸಾಡಿದ್ದು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಈ ಸಲ ಮೊದಲ 1 ಕೆಜಿಯನ್ನು ತೊಳೆದು ಹಾಗೇ ಕವರ್‌ಗೆ ತುಂಬಿ ಫ್ರೀಜರ್‌ಗೆ ಹಾಕಿದೆ. ಬೆಳಿಗ್ಗೆ ನೋಡಿದರೆ ಇಡೀ ಕವರ್ ಒಂದೇ ಗಡ್ಡೆ! ಒಂದು ಲೋಟ ಜ್ಯೂಸ್ ಬೇಕೆಂದರೂ ಎಲ್ಲವನ್ನೂ ಕರಗಿಸಬೇಕು. ಸಿಪ್ಪೆ ಮೇಲೆ ಉಳಿದ ನೀರಿನ ಹನಿಗಳೇ ಹೆಪ್ಪುಗಟ್ಟಿ ಹಣ್ಣುಗಳನ್ನು ಅಂಟಿಸಿಬಿಟ್ಟಿದ್ದವು.

ಉಳಿದ ಹಣ್ಣಿನಲ್ಲಿ ಒಡೆದಿದ್ದನ್ನೆಲ್ಲ ಆರಿಸಿ ಅವತ್ತೇ ತಿಂದೆವು. ಮಿಕ್ಕಿದ್ದನ್ನು ತೊಳೆದು ಹಳೇ ಪಂಚೆ ಮೇಲೆ ಹರಡಿ, ಫ್ಯಾನ್ ಕೆಳಗೆ ಒಂದು ಗಂಟೆ ಬಿಟ್ಟೆ. ತೊಟ್ಟಿನ ಗುಳಿಯಲ್ಲಿ ನೀರು ನಿಲ್ಲುತ್ತದೆ, ಅಲ್ಲಿ ಬಟ್ಟೆಯಿಂದ ಒತ್ತಲೇಬೇಕು. ಆಮೇಲೆ ಸ್ಟೀಲ್ ತಟ್ಟೆಯಲ್ಲಿ ಒಂದಕ್ಕೊಂದು ತಾಗದಂತೆ ಜೋಡಿಸಿ ಫ್ರೀಜರ್‌ಗೆ ಇಟ್ಟೆ. ನಾಲ್ಕೈದು ಗಂಟೆ ಬಿಟ್ಟು ತಟ್ಟೆ ಅಲ್ಲಾಡಿಸಿದರೆ ಗೋಲಿಗಳ ಹಾಗೆ ಕಟಕಟ ಸದ್ದು! ಎಷ್ಟು ಖುಷಿಯಾಯಿತು ಗೊತ್ತಾ? ಜಿಪ್ ಕವರ್‌ಗೆ ತುಂಬಿ, ಗಾಳಿ ಒತ್ತಿ ತೆಗೆದು, ಮೇಲೆ ತಾರೀಖು ಬರೆದೆ.

ಕರಗಿದ ಮೇಲೆ ಹಣ್ಣು ಮೊದಲಿನಷ್ಟು ಗಟ್ಟಿ ಇರುವುದಿಲ್ಲ. ಒಳಗಿನ ನೀರು ಮಂಜುಗಡ್ಡೆಯಾಗಿ ತಿರುಳನ್ನು ಒಡೆಯುತ್ತದಲ್ವಾ, ಅದಕ್ಕೆ. ಆದರೆ ಜ್ಯೂಸ್‌ಗೆ ಅದೇ ಅನುಕೂಲ. ಬೆರಳಲ್ಲಿ ಒತ್ತಿದರೆ ಬೀಜ ಸುಮ್ನೆ ಜಾರಿ ಬರುತ್ತದೆ. ಚಿಟಿಕೆ ಉಪ್ಪು, ಹುರಿದ ಜೀರಿಗೆ ಪುಡಿ ಹಾಕಿ ನಿನ್ನೆಯೂ ಮೂರು ಲೋಟ ಮಾಡಿದೆ. ಕವರ್‌ನಲ್ಲಿ ಇನ್ನೂ ಅರ್ಧ ಇದೆ.