ಪಾಟ್ಲಿ ಹೋದ ಮೇಲೆ ಕಲಿತದ್ದು: ಕೆಲಸಕ್ಕೆ ತೆಗೆದುಕೊಳ್ಳುವ ಮುಂಚೆ ನಾನು ಏನು ನೋಡುತ್ತೇನೆ

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ನಾವು ಹಿರಿಯರ ಆರೈಕೆ ಮನೆ ಶುರು ಮಾಡಿ ಎರಡನೇ ವರ್ಷ ಅದು. ಬೆಳಿಗ್ಗೆ ಕೈಕಾಲಿಗೆ ಎಣ್ಣೆ ಹಚ್ಚುವಾಗ ನೋಡಿದರೆ ಒಬ್ಬ ಅಜ್ಜಿಯ ಬಲಗೈ ಬರಿದಾಗಿತ್ತು. ನಲವತ್ತು ವರ್ಷ ಪಾಟ್ಲಿ, ಅಂದರೆ ಬಂಗಾರದ ಬಳೆ, ಇದ್ದ ಜಾಗದಲ್ಲಿ ಚರ್ಮ ಬೆಳ್ಳಗೆ, ಸ್ವಲ್ಪ ತಗ್ಗಾಗಿ ಕಾಣುತ್ತಿತ್ತು. "ಎಲ್ಲೆ ಬಿದ್ದಾವೋ ಏನೋ ತಂಗಿ, ನನಗ ಈಗೀಗ ಏನೂ ನೆನಪ ಇರಂಗಿಲ್ಲ" ಅಂದರು. ಎರಡು ವಾರ ಅವರು ತಮ್ಮನ್ನೇ ಬೈದುಕೊಂಡರು. ದಿಂಬಿನ ಕವರ್ ಬಿಚ್ಚಿ ಬಿಚ್ಚಿ ನೋಡುತ್ತಿದ್ದರು. ನನಗೆ ಇವತ್ತಿಗೂ ಸಂಕಟ ಆಗುವುದು ಬಂಗಾರ ಹೋದದ್ದಕ್ಕಲ್ಲ, ಆ ಎರಡು ವಾರಕ್ಕೆ.

ಪೊಲೀಸರಿಗೆ ದೂರು ಕೊಟ್ಟ ಮೇಲೆ ರಾತ್ರಿ ಪಾಳಿಯ ಆಯಾ ಸಿಕ್ಕಳು. ಒಂದು ಪಾಟ್ಲಿಯೂ ಸಿಕ್ಕಿತು. ಹಿಂದೆ ಇನ್ನೊಂದು ಮನೆಯಲ್ಲೂ ಆಕೆಯ ಮೇಲೆ ಇಂಥದೇ ಕೇಸ್ ಇತ್ತು. ಕಳಿಸಿದ ಏಜೆನ್ಸಿಯವರು "ವೆರಿಫಿಕೇಶನ್ ಎಲ್ಲಾ ಆಗೈತ್ರಿ" ಅಂದಿದ್ದರು. ಪತ್ರ ತೋರಿಸಿ ಅಂದಾಗ ಕೊಟ್ಟದ್ದು ಆಧಾರ್ ಕಾರ್ಡಿನ ಜೆರಾಕ್ಸ್ ಮಾತ್ರ. ಸೇರಿಸುವ ಮುಂಚೆ ವೆರಿಫಿಕೇಶನ್ ಪತ್ರವನ್ನು ನಾನೂ ಕೇಳಿರಲಿಲ್ಲ. ಆ ತಪ್ಪು ನನ್ನದೇ.

ಈಗ ಏಜೆನ್ಸಿ ಏನೇ ಹೇಳಲಿ, ನಾನೇ ಮಾಡಿಸುತ್ತೇನೆ. ಕೆಲಸ ಕೇಳಿ ಬಂದವರನ್ನು ಆಫೀಸಿನಲ್ಲಿ ಕೂರಿಸಿಕೊಂಡು, ಅವರದೇ ಮೊಬೈಲ್ ನಂಬರಿನಿಂದ ರಾಜ್ಯ ಸರ್ಕಾರದ ಸೇವಾ ಸಿಂಧು ಪೋರ್ಟಲ್‌ನಲ್ಲಿ ಪೊಲೀಸ್ ವೆರಿಫಿಕೇಶನ್ ಅರ್ಜಿ ಹಾಕಿಸುತ್ತೇವೆ. ಶುಲ್ಕ ನಮ್ಮದು. ಆಮೇಲೆ ಸಂಬಳದಲ್ಲಿ ಹಿಡಿಯುವುದಿಲ್ಲ. ಅರ್ಜಿಗೆ ಮುಂಚೆ ಕನ್ನಡದಲ್ಲಿ ಒಂದು ಒಪ್ಪಿಗೆ ಪತ್ರ ಓದಿ ಹೇಳಿ ಸಹಿ ತೆಗೆದುಕೊಳ್ಳುತ್ತೇನೆ. ಮೂಲ ದಾಖಲೆ ಯಾವುದನ್ನೂ ಇಟ್ಟುಕೊಳ್ಳುವುದಿಲ್ಲ. ಆಧಾರ್ ಪ್ರತಿಯಲ್ಲಿ ಕೊನೆಯ 4 ಅಂಕಿ ಮಾತ್ರ ಕಾಣುವಂತೆ ಇಟ್ಟುಕೊಂಡರೆ ನಮ್ಮ ಕಡತಕ್ಕೆ ಸಾಕು.

ವಿಳಾಸದ ವಿಷಯ ಜಾಸ್ತಿ ಜನರಿಗೆ ಹೊಳೆಯುವುದಿಲ್ಲ. ನಮ್ಮಲ್ಲಿಗೆ ಬರುವವರು ಕಲಘಟಗಿ, ನವಲಗುಂದ, ಗದಗ, ಸವಣೂರು ಕಡೆಯವರು. ಹಳೇ ಹುಬ್ಬಳ್ಳಿಯಲ್ಲಿ ರೂಮ್ ಮಾಡಿ ಒಂದು ತಿಂಗಳಾಗಿರುತ್ತದೆ. ಆ ರೂಮಿನ ವಿಳಾಸ ಕೊಟ್ಟರೆ ಅಲ್ಲಿನ ಅಕ್ಕಪಕ್ಕದವರಿಗೆ ಇವರ ಹೆಸರೇ ಗೊತ್ತಿರುವುದಿಲ್ಲ. ಅದಕ್ಕೆ ಐದು ವರ್ಷದಲ್ಲಿ ಎಲ್ಲೆಲ್ಲಿ ಇದ್ದರು ಅಂತ ಬರೆಸಿಕೊಂಡು, ಜಾಸ್ತಿ ದಿನ ಇದ್ದ ಊರಿನ ವಿಳಾಸದಲ್ಲೇ ಅರ್ಜಿ ಹಾಕಿಸುತ್ತೇನೆ.

ಊರಿಗೆ ಪೊಲೀಸರು ಹೋದರೆ ಓಣಿಯಲ್ಲೆಲ್ಲ ಮಾತು. ಒಬ್ಬ ಹುಡುಗಿಯ ಅತ್ತೆ ಇದೇ ಕಾರಣಕ್ಕೆ ಕೆಲಸವೇ ಬೇಡ ಅಂದುಬಿಟ್ಟರು. ಆಮೇಲಿಂದ ನಾನೇ ಮೊದಲು ಮನೆಗೆ ಫೋನ್ ಮಾಡುತ್ತೇನೆ. "ಕೇಸ್ ಅಲ್ಲರೀ, ಕೆಲಸದ ಸಲುವಾಗಿ ವಿಚಾರಣೆ. ಎಲ್ಲರಿಗೂ ಮಾಡಿಸ್ತೀವಿ" ಅಂತ ಹೇಳಿದರೆ ಅವರಿಗೂ ಸಮಾಧಾನ.

ಪೊಲೀಸ್ ಪತ್ರ ಬರುವುದರೊಳಗೆ, ಕೋರ್ಟ್ ಕೇಸ್‌ಗಳ ವಿವರ ಸಿಗುವ ಇ-ಕೋರ್ಟ್ಸ್ ವೆಬ್‌ಸೈಟಿನಲ್ಲಿ ಹೆಸರು ಹಾಕಿ ಹುಡುಕುತ್ತೇನೆ. ಜಿಲ್ಲೆ, ಕೋರ್ಟ್, ವರ್ಷ ಆರಿಸಬೇಕು. ಹೆಸರಿನ ಸ್ಪೆಲಿಂಗ್ ಒಂದೊಂದು ಕಡೆ ಒಂದೊಂದು ಥರ ಇರುತ್ತದೆ, ಹಾಗಾಗಿ ಮೂರು ನಾಲ್ಕು ಥರ ಹಾಕಿ ನೋಡಬೇಕು. ಬಸವರಾಜ, ಮಂಜುನಾಥ ಅಂದರೆ ಪುಟಗಟ್ಟಲೆ ಬರುತ್ತದೆ. ತಂದೆಯ ಹೆಸರು, ಊರು ಎರಡೂ ಕೂಡದಿದ್ದರೆ ಅದು ನಮ್ಮವರೇ ಅಂತ ತಿಳಿಯಬಾರದು. ಇನ್ನೊಬ್ಬರ ಕೇಸ್ ಇವರ ತಲೆಗೆ ಕಟ್ಟಿದಂತಾಗುತ್ತದೆ.

ಸವಣೂರು ಕಡೆಯ ಒಬ್ಬ ಅಕ್ಕ ಬಂದಿದ್ದರು. ಕೂತ ತಕ್ಷಣ ಅಂದರು: "ಮೊದಲ ಹೇಳಿಬಿಡ್ತೀನ್ರಿ ಅಕ್ಕಾರ, ನನ್ನ ಮ್ಯಾಲ ಒಂದ ಕೇಸ್ ಇತ್ರಿ." ಹೊಲದ ಬದುವಿನ ಜಗಳ. ಮೈದುನ ಇಡೀ ಮನೆಯವರ ಹೆಸರು ಬರೆಸಿದ್ದ. ಐಪಿಸಿ, ಅಂದರೆ ಹಳೆಯ ಭಾರತೀಯ ದಂಡ ಸಂಹಿತೆಯ 323, 504, 506. ಹೊಡೆದದ್ದು, ಬೈದದ್ದು, ಬೆದರಿಸಿದ್ದು. ನಮ್ಮ ಕಡೆ ಹೊಲದ ಜಗಳ ಠಾಣೆಗೆ ಹೋದರೆ ಆಗೆಲ್ಲ ಈ ಮೂರು ನಂಬರು ಸಾಮಾನ್ಯವಾಗಿತ್ತು. ಕೊನೆಗೆ ಲೋಕ ಅದಾಲತ್‌ನಲ್ಲಿ ರಾಜಿ ಆಗಿತ್ತು. ಆದೇಶದ ಪ್ರತಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ನಾಲ್ಕು ಮಡಿಕೆ ಮಾಡಿ ತಂದಿದ್ದರು. ಮಡಿಕೆ ಇದ್ದಲ್ಲಿ ಕಾಗದ ಹರಿದು ಸೆಲ್ಲೋಟೇಪ್ ಹಚ್ಚಿದ್ದರು. ಎಷ್ಟು ಕಡೆ ಅದನ್ನು ಬಿಚ್ಚಿ ತೋರಿಸಿದ್ದರೋ.

ನಾನು ಅವರನ್ನು ಸೇರಿಸಿಕೊಂಡೆ. ಅದೇ ಐಪಿಸಿ 381, ಅಂದರೆ ಕೆಲಸದವರು ಯಜಮಾನರ ವಸ್ತು ಕದ್ದ ಕೇಸ್ ಆಗಿ ಶಿಕ್ಷೆಯಾಗಿದ್ದರೆ ಸೇರಿಸುತ್ತಿರಲಿಲ್ಲ. 2024ರ ಜುಲೈ 1ರಿಂದ ಹೊಸ ಕಾನೂನು ಬಂದ ಮೇಲೆ ಅದು ಭಾರತೀಯ ನ್ಯಾಯ ಸಂಹಿತೆಯ 306 ಆಗಿದೆ. ಹಿರಿಯರ ಮೇಲೆ, ಮಕ್ಕಳ ಮೇಲೆ ಕೈ ಮಾಡಿದ ಕೇಸ್ ಇದ್ದರೂ ಅಷ್ಟೇ. ಕೇಸ್ ಇದೆಯಾ ಅಂತ ಕೇಳಿ ಸುಮ್ಮನಾದರೆ ಸಾಲದು. ಏನು ಕೇಸ್, ಎಷ್ಟು ಹಳೆಯದು, ಏನಾಯಿತು, ತಾವಾಗಿಯೇ ಹೇಳಿದರಾ, ಇಷ್ಟೂ ಬೇಕು. ಎಫ್‌ಐಆರ್‌ನಲ್ಲಿ ಹೆಸರಿದ್ದವರೆಲ್ಲ ತಪ್ಪು ಮಾಡಿದವರಲ್ಲ.

ದೂರು ಕೊಡದೆ ಸುಮ್ನೆ ಕೆಲಸ ಬಿಡಿಸಿದ ಮನೆಗಳ ಸುದ್ದಿ ಯಾವ ಪತ್ರದಲ್ಲೂ ಬರುವುದಿಲ್ಲ, ಅಲ್ವಾ? ಅದಕ್ಕೆ ಹಿಂದಿನ ಎರಡು ಕಡೆ ಫೋನ್ ಮಾಡುತ್ತೇನೆ. "ಹೆಂಗಿದ್ರು?" ಅಂದರೆ ಎಲ್ಲರೂ "ಛಲೋ ಇದ್ರು" ಅಂತಾರೆ. ನಾನು ಕೇಳುವುದು ಬೇರೆ. "ನಿಮ್ಮ ಅವ್ವನ ಕಡೆ ಇವರೊಬ್ಬರನ್ನೇ ಬಿಟ್ಟು ಎರಡು ದಿನ ಊರಿಗೆ ಹೋಗ್ತಿದ್ದಿರೇನ್ರಿ?" ಉತ್ತರ ತಡವಾದರೆ ನಾನು ಪೆನ್ನು ಕೆಳಗಿಡುತ್ತೇನೆ. ಧಾರವಾಡದ ಒಬ್ಬರು ತುಂಬಾ ಹೊತ್ತು ಸುಮ್ಮನಿದ್ದು, "ಬೈತಾರ್ರಿ... ಯಾರೂ ಇಲ್ಲದಾಗ" ಅಂದರು. ಆ ಆಯಾಳ ಪೊಲೀಸ್ ಪತ್ರದಲ್ಲಿ ಏನೂ ಇರಲಿಲ್ಲ.

ನರ್ಸ್ ಆಗಿದ್ದರೆ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್ ನೋಂದಣಿ ನಂಬರ್ ಕೂಡ ತಾಳೆ ನೋಡುತ್ತೇನೆ.

ಸೇರಿದ ಮೊದಲ ತಿಂಗಳು ಯಾರಿಗೂ ಒಬ್ಬರೇ ರಾತ್ರಿ ಪಾಳಿ ಇಲ್ಲ, ಹಳಬರು ಒಬ್ಬರು ಜೊತೆಗಿರಬೇಕು. ಹಿರಿಯರು ಬರುವ ದಿನವೇ ಮೈಮೇಲಿನ ಬಂಗಾರದ ಫೋಟೋ ತೆಗೆದು, ಮಕ್ಕಳ ಮುಂದೆ ಬರೆದು ಸಹಿ ಹಾಕಿಸುತ್ತೇವೆ. ಇಷ್ಟಾದ ಮೇಲೂ ಏನಾದರೂ ಕಾಣದಿದ್ದರೆ, ಮೊದಲು ಆ ಹಿರಿಯರ ಪಕ್ಕ ಕೂತು "ನಿಮ್ಮ ತಪ್ಪಲ್ಲರೀ" ಅಂತ ಹೇಳಬೇಕು ಅಂತ ನಮ್ಮ ಹುಡುಗಿಯರಿಗೆಲ್ಲ ಹೇಳಿಟ್ಟಿದ್ದೇನೆ. ಹುಡುಕುವುದು ಆಮೇಲೆ.